ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು

ಕಲ್ಯಾಣದುರ್ಗದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಚಳಿಗಾಲ ಬಂತೆಂದರೆ ಸಾಲುಗಟ್ಟಿ ಕಜ್ಜಿಯವರೇ. ಗಂಧಕದ ಮುಲಾಮು ತುಂಬಿ ತುಂಬಿ ಕೈ ಸೋತು, ಮಾತಾಡಲೂ ಬೇಸರವಾಗುತ್ತಿತ್ತು.

ಬ್ರಹ್ಮಸಮುದ್ರದ ಗಂಗಮ್ಮ ಮೂರನೇ ಸಲ ಬಂದಾಗ ರೇಗಿದೆ. "ಮುಲಾಮು ಹಚ್ಕೊಂಡ್ಯೋ ಇಲ್ವೋ?"

"ಹಚ್ಕೊಂಡೆ ಸಾಮಿ. ಹೋಯ್ತದೆ, ತಿರ್ಗಾ ಬತ್ತದೆ. ಈ ಸಲ ವಾಸಿಯಾಗ್ದಿದ್ರೆ ತವರಿಗೆ ಕಳಿಸ್ತೀನಿ ಅಂತಾಳೆ ನಮ್ಮತ್ತೆ."

"ಮನೇಲಿ ಇನ್ಯಾರಿಗೆ ಕೆರೆತ?"

"ಮಕ್ಕಳಿಬ್ರಿಗೂ, ಅತ್ತೆಗೂ."

"ಅವರಿಗೂ ಹಚ್ಚಲಿಲ್ವಾ?"

ಅವಳು ಗಾಬರಿಯಾದಳು. "ಚೀಟೀಲಿ ನನ್ನ ಹೆಸರೊಂದೇ ಬರ್ದಿದ್ರಲ್ಲ! ಬೇರೇರ್ಗೆ ಹಚ್ಚಿದ್ರೆ ತಪ್ಪಲ್ವಾ?"

ಅದು ಅಂಟುರೋಗ, ಮನೆಮಂದಿಯೆಲ್ಲ ಒಂದೇ ದಿನ ಕತ್ತಿನಿಂದ ಪಾದದವರೆಗೆ ಹಚ್ಚಿಕೊಳ್ಳಬೇಕು, ಬಟ್ಟೆ ಕುದಿಸಬೇಕು ಎಂದು ಅವಳಿಗೆ ನಾನು ಹೇಳಿದ್ದು ಅಂದೇ ಮೊದಲು.

"ಮೊದ್ಲೇ ಯಾಕೆ ಹೇಳ್ಲಿಲ್ಲ ಸಾಮಿ?"

"ನೀನು ಕೇಳಲಿಲ್ಲವಲ್ಲ."

"ಏನು ಕೇಳ್ಬೇಕು ಅಂತ ನಂಗೆ ಹೆಂಗೆ ಗೊತ್ತಾಯ್ತದೆ?"

ಮನೆಮಂದಿಗೆಲ್ಲ ಆಗುವಷ್ಟು ಮುಲಾಮು ತುಂಬಿಕೊಟ್ಟೆ.

ತಿಂಗಳಾದ ಮೇಲೆ ಸಂತೆಗೆ ಬಂದ ಅವಳ ಅತ್ತೆ ಆಸ್ಪತ್ರೆಗೂ ಬಂದು ಕೈ ಚಾಚಿ ತೋರಿಸಿದಳು. ಒಂದು ಗುಳ್ಳೆಯೂ ಇರಲಿಲ್ಲ.

"ನಮ್ ಸೊಸೆ ಕೈಗುಣ ಕಣಪ್ಪ. ಅವಳು ಹಚ್ಚಿದ್ಮೇಲೆ ಎಲ್ರಿಗೂ ವಾಸಿಯಾಗ್ಬುಡ್ತು" ಎಂದಳು.

ಮುಲಾಮಿನ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲು ಹೋಗಲಿಲ್ಲ.