ಅಕ್ಕನ ಪೇಟಿಗೆ ತಪ್ಪಿಸಿದ ಸುಂಕ

ಹೋದ ವಾರ ನಮ್ಮ ಸೊಸೆಯ ತಮ್ಮ ಸೇಡಂಗೆ ಬಂದಿದ್ದ. ಮದುವೆ ಮುಂಜಿಗಳಲ್ಲಿ ಆರ್ಕೆಸ್ಟ್ರಾ ನಡೆಸುವ ಮನುಷ್ಯ. ಬಗಲಲ್ಲಿ ಜಪಾನಿನ ಒಂದು ಕೀಬೋರ್ಡು. ಹಡಗಿನ ಕೆಲಸದಲ್ಲಿರುವ ಗೆಳೆಯನೊಬ್ಬ ತಂದುಕೊಟ್ಟನಂತೆ. "ಹೊಸಾದು ಅಂದ್ರ ಮುಂಬೈದಾಗ ಕಸ್ಟಮ್ಸಿನವ್ರು ಡ್ಯೂಟಿ ಹಾಕ್ತಾರ್ರಿ ಕಾಕಾ. ಅದಕ್ಕ ಡಬ್ಬಿ ಒಗದು, ಮೈಮ್ಯಾಲ ನಾಕು ಗೀರು ಎಳದು, ಹಳೇದು ಅಂತ ದಾಟಿಸ್ಯಾನ!" ಎಂದ. ಮನೆಮಂದಿಯೆಲ್ಲ ನಕ್ಕರು. ನಾನೂ ನಗಲು ಬಾಯಿ ತೆರೆದೆ, ಆಗಲಿಲ್ಲ. ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಮಗ ಹಿಂದೆಯೇ ಬಂದು, "ಯಾಕಪ್ಪಾ, ಎದಿ ನೋಯಾಕತ್ತದೇನು?" ಎಂದು ಕೇಳಿದ. ಇಲ್ಲವೆಂದೆ.

ನೀವು ಓದುವವರು, ನನ್ನ ಮನೆಯವರಲ್ಲ. ನಿಮ್ಮ ಮುಂದೆ ಹೇಳುವುದು ಸುಲಭ. ನಾನು ಒಂದು ಕಾಲಕ್ಕೆ ಸುಂಕದವನಾಗಿದ್ದೆ. ನಿಜಾಮರ ಕಾಲ, ವಾಡಿ ಜಂಕ್ಷನ್ನಿನ ನಾಕಾದಲ್ಲಿ ಗುಮಾಸ್ತ. ಪರದೇಶದ ಮಾಲು ನಮ್ಮ ಸೀಮೆಗೆ ಬರಬೇಕಾದರೆ ಎರಡು ಸಲ ಸುಂಕ ತೆರಬೇಕಿತ್ತು. ಮುಂಬೈಯಲ್ಲಿ ಹಡಗಿನಿಂದ ಇಳಿದಾಗ ಇಂಗ್ಲಿಷರಿಗೆ, ಅವರ ಕಲ್ದಾರ್ ರೂಪಾಯಿಯಲ್ಲಿ. ನಮ್ಮ ಗಡಿಯೊಳಗೆ ಬಂದಾಗ ನಿಜಾಮ್ ಸರಕಾರಕ್ಕೆ, ನಮ್ಮ ಹಾಲಿ ಸಿಕ್ಕಾದಲ್ಲಿ. ಈ ಎರಡನೆಯದನ್ನು ಜನ ಕರೋಡಗಿರಿ ಎನ್ನುತ್ತಿದ್ದರು. ಪುರಾಣಿಕರ ಮನೆಯ ಕುಡಿ ನಾನು, ಹಣೆಯ ಮೇಲೆ ಅಂಗಾರ ಅಕ್ಷತೆ, ಮುಂದೆ ಉರ್ದು ರಿಜಿಸ್ಟರು. ಉರ್ದು ಅಕ್ಷರ ದುಂಡಗಿದ್ದವು ಎಂಬುದೊಂದೇ ನನ್ನ ಯೋಗ್ಯತೆ. ಆದರೂ ಆ ಕುರ್ಚಿಯಲ್ಲಿ ಕೂತಾಗ ರೈಲು ನನ್ನ ಅಪ್ಪಣೆ ಕೇಳಿಯೇ ಹೊರಡುತ್ತದೆ ಎಂಬ ಗತ್ತು. ಇಪ್ಪತ್ತೆರಡರ ವಯಸ್ಸು, ಕ್ಷಮಿಸಿ ಎನ್ನಲೂ ನಾಚಿಕೆ.

ಒಂದು ಕಾಯಿದೆ ಮಾತ್ರ ನೆನಪಿಡಿ. ಮನೆಬಳಕೆಯ ಹಳೆಯ ಸಾಮಾನಿಗೆ ಸುಂಕ ಮಾಫ್. ಹೊಸದಕ್ಕೆ ಕಟ್ಟಲೇಬೇಕು. ಯಾವುದು ಹಳೆಯದು, ಯಾವುದು ಹೊಸದು ಎಂದು ಕಣ್ಣಾರೆ ನೋಡಿ ತೀರ್ಮಾನಿಸುವವರು ನಮ್ಮ ಅಮೀನ ಸಾಹೇಬರು.

ಇನ್ನು ಅಕ್ಕನ ಮಾತು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಹನ್ನೆರಡಕ್ಕೆ ಮದುವೆ, ಹದಿನಾಲ್ಕಕ್ಕೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ನಮ್ಮ ಮನೆಗೇ ತಂದು ಬಿಟ್ಟರು. ಆಕೆಯ ಕಂಠ ಹೇಗಿತ್ತೆಂದು ಬಣ್ಣಿಸಲಾರೆ. ಹಿತ್ತಲಲ್ಲಿ ದೇವರನಾಮ ಹೇಳಿದರೆ ಓಣಿಯಲ್ಲಿ ಎತ್ತಿನ ಗಾಡಿ ನಿಲ್ಲುತ್ತಿದ್ದದ್ದು ಖರೆ. ಅಪ್ಪ ಏನು ಮನಸ್ಸು ಮಾಡಿದರೋ, ಯಾರೋ ಕೀರ್ತನಕಾರರು ಬಿಟ್ಟುಹೋದ ಒಂದು ಪೇಟಿಯನ್ನು, ಅದೇ ಹಾರ್ಮೋನಿಯಂ, ಆಕೆಗೆ ತಂದುಕೊಟ್ಟರು. ಅವ್ವ ಹೌಹಾರಿದಳು. ವಿಧವೆ ಪೇಟಿ ಬಾರಿಸುವುದು ಒಂದು ಕಡೆ ಇರಲಿ, ಅದರ ತಿದಿಗೆ ಚರ್ಮ ಹಚ್ಚಿದೆಯಲ್ಲ! ಕಡೆಗೆ ಒಂದು ಒಪ್ಪಂದವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಪೇಟಿ, ಆಮೇಲೆ ತಲೆಯ ಮೇಲೆ ನೀರು, ಆಮೇಲೆ ಮಡಿ. ಸ್ನಾನಕ್ಕೆ ಮುಂಚಿನ ಆ ಒಂದು ತಾಸು ಅಕ್ಕನದು. ಉಳಿದ ದಿನವೆಲ್ಲ ಅಡುಗೆಮನೆಯದು.

ಪೇಟಿಯ ರೋಗರುಜಿನ ನೋಡುವವರು ಶಹಾಬಾದಿನ ಹುಸೇನಸಾಬ್. ರೈಲಿನಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಚೀಲ ಬಿಚ್ಚುತ್ತಿದ್ದರು. ಅವರು ಹೊರಗೆ ಪೇಟಿಯ ಬಿಳಿ ಕರಿ ಮನೆ ಒತ್ತಿ ಸ್ವರ ಹಿಡಿದರೆ, ಅಕ್ಕ ಬಾಗಿಲ ಮರೆಯಿಂದ ಅದೇ ಸ್ವರ ಹಾಡಿ ಸರಿ, ತಪ್ಪು ಹೇಳಬೇಕು. "ಇನ್ನ ತುಸು ಏರಸ್ರಿ ಹುಸೇನಸಾಬ್ರ." "ಈಗ ಹೆಂಗ್ರಿ ಅಕ್ಕಾರ?" "ಈಗ ಕುಂತಿತು ನೋಡ್ರಿ." ಹೀಗೆ ವರ್ಷಕ್ಕೆರಡು ಸಲ. ಅಕ್ಕನ ಮುಖವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಆದರೆ ಆಕೆಯ ಹಾಡು ಹಾಡಿನ ಸಲುವಾಗಿ ಕೇಳುತ್ತಿದ್ದವರು ಈ ಲೋಕದಲ್ಲಿ ಅವರೊಬ್ಬರೇ. ನಮಗೆಲ್ಲ ಅದು ಮನೆಯ ಗದ್ದಲ.

ಹತ್ತು ವರ್ಷ ಬಾರಿಸಿದ ಮೇಲೆ ಪೇಟಿಯ ಒಳಗಿನ ಹಿತ್ತಾಳೆಯ ನಾಲಿಗೆಗಳು, ರೀಡುಗಳು, ಒಂದೊಂದಾಗಿ ಮೂಕಾದವು. ಹುಸೇನಸಾಬರು ನೋಡಿ ಕೈಚೆಲ್ಲಿದರು. "ರಿಪೇರಿ ಮುಗೀತ್ರಿ. ಜರ್ಮನಿ ರೀಡ್ ಹಾಕಿದ್ರ ನಿಮ್ಮ ಮೊಮ್ಮಕ್ಕಳ ಕಾಲದ ತನಕ ನಡೀತದ." ಮೊಮ್ಮಕ್ಕಳು ಎಂದು ಬಾಯಿತಪ್ಪಿ ಅಂದು, ನಾಲಿಗೆ ಕಚ್ಚಿಕೊಂಡರು. ಬಾಗಿಲ ಹಿಂದಿನಿಂದ ಅಕ್ಕ ನಕ್ಕದ್ದು ಕೇಳಿಸಿತು. "ತರಸ್ರಿ" ಎಂದಳು. ತನ್ನದೆಂದು ಉಳಿದಿದ್ದ ಒಂದೇ ಒಂದು ಬೆಳ್ಳಿಯ ತಂಬಿಗೆ ತಂದು ಹೊಸ್ತಿಲ ಮೇಲೆ ಇಟ್ಟಳು. ಹುಸೇನಸಾಬರು ಅದನ್ನು ಮಾರಿ, ತಮ್ಮ ಪರಿಚಯದ ಮುಂಬೈ ವ್ಯಾಪಾರಿಗೆ ಕಾಗದ ಹಾಕಿದರು. ಯುದ್ಧದ ಮಾತು ಹಬ್ಬಿದೆ, ಇನ್ನು ಮುಂದೆ ಈ ಮಾಲು ಸಿಗಲಿಕ್ಕಿಲ್ಲ, ಇರುವುದರಲ್ಲಿ ಒಂದು ಸೆಟ್ಟು ಕಳಿಸುತ್ತೇನೆ ಎಂದು ಆತ ಬರೆದ. ಪಾರ್ಸಲ್ಲು ವಾಡಿಗೆ, ನನ್ನ ಹೆಸರಿಗೇ ಬರಬೇಕೆಂದು ಗೊತ್ತಾಯಿತು.

ಮುಂಬೈಯ ಸುಂಕ ವ್ಯಾಪಾರಿ ತನ್ನ ಬಿಲ್ಲಿನಲ್ಲೇ ಹಿಡಿದಿದ್ದ. ಉಳಿದದ್ದು ಕರೋಡಗಿರಿ. ದೊಡ್ಡದೇನಲ್ಲ, ನನ್ನ ಕೈಯಿಂದಲೇ ಕಟ್ಟಬಹುದಿತ್ತು. ಆದರೆ ಅವ್ವ ಊಟಕ್ಕೆ ಬಡಿಸುತ್ತ ಒಂದು ಮಾತು ಅಂದಳು: "ನಾಕಾದಾಗ ತಮ್ಮ ಕುಂತಾನ, ಅಕ್ಕ ಸುಂಕ ಕಟ್ಟಬೇಕಂತ. ಏನ್ ನೌಕರಿಯೋ ನಿಂದು!" ಅಷ್ಟೇ ಸಾಕಾಯಿತು. ಸುಂಕ ತಪ್ಪಿಸಿ ತೋರಿಸಬೇಕು, ಮನೆಯಲ್ಲಿ ಮೆರೆಯಬೇಕು. ನನಗೆ ಬೇಕಾಗಿದ್ದದ್ದು ಅದು. ಅಕ್ಕನ ಪೇಟಿ ಒಂದು ನೆಪ.

ಪಾರ್ಸಲ್ಲು ಬಂದ ದಿನ ಅಮೀನ ಸಾಹೇಬರು ಚಿಂಚೋಳಿಯ ಕಡೆ ದೌರೆ ಹೋಗಿದ್ದರು. ಬರಲು ನಾಲ್ಕು ದಿನ. ಮಾಲುಕೋಣೆಯ ಕೀಲಿ ನನ್ನ ಹತ್ತಿರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಬಿಚ್ಚಿ ನೋಡಿದೆ. ತೆಳ್ಳನೆಯ ಕಾಗದದ ಪದರುಗಳ ನಡುವೆ ಸಾಲಾಗಿ ಮಲಗಿದ್ದ ರೀಡುಗಳು ಫಳಫಳ ಹೊಳೆಯುತ್ತಿದ್ದವು. ಇದನ್ನು ಹಳೆಯದೆಂದರೆ ಅಮೀನರಲ್ಲ, ಕುರುಡನೂ ನಂಬಲಾರ. ಆಗ ಹೊಳೆಯಿತು ನೋಡಿ ನನ್ನ ಬುದ್ಧಿಗೆ. ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಏರುತ್ತದೆ ಎಂಬುದು ನಮ್ಮ ಅಡುಗೆಮನೆಗಳಲ್ಲಿ ಬೆಳೆದ ಯಾರಿಗೂ ಗೊತ್ತು. ಆಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತದೆ ಎಂಬುದೂ ಗೊತ್ತು. ಹುಳಿ ಮಜ್ಜಿಗೆಗೆ ಉಪ್ಪು ಕದಡಿ, ಅರಿವೆಯಲ್ಲಿ ಅದ್ದಿ, ಒಂದೊಂದು ರೀಡಿಗೂ ಸವರಿ, ಅದೇ ಹಸಿ ಅರಿವೆಯಲ್ಲಿ ಸುತ್ತಿಟ್ಟೆ. ತಂಬಿಗೆಗೆ ನಡೆಯುವುದು ಇದಕ್ಕೂ ನಡೆಯುತ್ತದೆ ಎಂದುಕೊಂಡೆ. ತಂಬಿಗೆ ಹಾಡುವುದಿಲ್ಲ ಎಂಬುದು ತಲೆಗೆ ಹೋಗಲಿಲ್ಲ.

ನಾಲ್ಕನೆಯ ದಿನ ಬಿಚ್ಚಿದಾಗ ಎಲ್ಲ ಹಸಿರುಗಟ್ಟಿತ್ತು. ಒರೆಸಿ, ಒಣಗಿಸಿ, ಒಂದು ಹಳೆಯ ಡಬ್ಬಿಯಲ್ಲಿ ಜೋಡಿಸಿ ಅಮೀನರ ಮುಂದೆ ಇಟ್ಟೆ. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಅರೆ, ಯೇ ತೋ ಪುರಾನಾ ಮಾಲ್ ಹೈ. ಇಸ್ ಪೇ ಕ್ಯಾ ಲೇನಾ?" ಎಂದು ಮಾಫ್ ಬರೆದು ಸಹಿ ಹಾಕಿದರು. ಒಳ್ಳೆಯ ಮನುಷ್ಯರು, ನನ್ನ ಮೇಲೆ ನಂಬಿಕೆ ಇಟ್ಟಿದ್ದರು. ನಾನು ಆ ಸಂಜೆ ಸ್ಟೇಷನ್ನಿನಲ್ಲಿ ಪುರಿ ಭಾಜಿ ತಿಂದು, ಸಿಳ್ಳೆ ಹಾಕುತ್ತ ಸೇಡಂ ಗಾಡಿ ಹತ್ತಿದೆ.

ಶುಕ್ರವಾರ ಕಚೇರಿಗೆ ರಜೆ. ಹುಸೇನಸಾಬರು ನಮಾಜು ಮುಗಿಸಿಕೊಂಡು ಬಂದರು. ಅಕ್ಕ ಅಂದು ಮಡಿಯನ್ನೂ ಬಿಟ್ಟು ಬೆಳಗಿನಿಂದ ಬಾಗಿಲ ಹಿಂದೆ ಕೂತಿದ್ದಳು. ಅವರು ಡಬ್ಬಿ ತೆರೆದರು. ಒಂದು ರೀಡು ಎತ್ತಿದರು, ಮೂಗಿನ ಹತ್ತಿರ ಹಿಡಿದರು, ನನ್ನ ಮುಖ ನೋಡಿದರು. ನಾನು ಅಕ್ಕನಿಗೆ ಕೇಳದಂತೆ ದನಿ ತಗ್ಗಿಸಿ ಹುಣಸೆಹಣ್ಣಿನ ಮಾತು ಎತ್ತಿದೆ. "ಹುಣಸಿಹಣ್ಣಿಗೆ ಹೋಗೂದಲ್ರಿ ಇದು" ಎಂದು ಮೆಲ್ಲಗೆ ಅಂದರು. ಆದರೂ ಕೂತರು. ಒಂದೊಂದನ್ನೂ ಕೆರೆದು, ಒರೆಸಿ, ಕೂಡಿಸಿದರು. ಎರಡು ದಿನ ನಮ್ಮ ಕಟ್ಟೆಯನ್ನು ಬಿಟ್ಟು ಕದಲಲಿಲ್ಲ. ಕೆಲವು ಬುಸುಗುಟ್ಟಿದವು, ಕೆಲವು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದವು. ಮೂರನೆಯ ಬೆಳಿಗ್ಗೆ ಅಕ್ಕ ಒಳಗಿನಿಂದ ಷಡ್ಜ ಹಿಡಿದಳು, ಅವರು ಹೊರಗೆ ಮನೆ ಒತ್ತಿದರು. ಟಣ್ ಎಂದು ನಾಲಿಗೆ ಮುರಿದು ಒಳಗೇ ಬಿತ್ತು.

ಅಕ್ಕ ಬಾಗಿಲು ತೆಗೆದು ಹೊರಗೆ ಬಂದಳು. ಪರಗಂಡಸಿನ ಎದುರು ಆಕೆ ನಿಂತದ್ದು ಅದೇ ಮೊದಲು. ಮುರಿದ ರೀಡು ನೋಡಿದಳು, ಹಸಿರು ಕಲೆ ನೋಡಿದಳು.

"ಹಳೇ ಮಾಲ್ ತಂದು ಕೊಟ್ಟೀಯೇನೋ ನನಗ?" ಎಂದಳು. ಹತ್ತು ವರ್ಷ ರೀ ಹಚ್ಚಿ ಮಾತಾಡಿಸಿದ ಹುಸೇನಸಾಬರಿಗೆ. "ನಂದೊಂದು ತಂಬಿಗಿ ಇತ್ತು, ಅದನ್ನೂ ತಿಂದೆಲ್ಲೋ ಕಳ್ಳಾ. ರಂಡಿ ಮುಂಡಿ ರೊಕ್ಕ, ಕೇಳವ್ರು ಯಾರು ಅಂತ ತಿಳಕೊಂಡಿ? ನಿನ್ನ ಕೈ ಸೇದಿಹೋಗಲಿ, ಕಟ್ಟಿಗಿ ಆಗಲಿ."

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ಬಿಡಬೇಕಾಗಿದ್ದ ಗಳಿಗೆ ಅದೇ. ಬಿಡಲಿಲ್ಲ.

ಹುಸೇನಸಾಬರು ತಲೆ ತಗ್ಗಿಸಿ, "ತಪ್ಪು ನಂದ್ರಿ ಅಕ್ಕಾರ. ಮಾಲು ಖರಾಬ್ ಬಂದದ" ಎಂದು ಚೀಲ ಕಟ್ಟಿದರು. ಸ್ಟೇಷನ್ನಿನ ದಾರಿಯಲ್ಲಿ ನಾನು ಓಡಿ ಹೋಗಿ ಸೇರಿಕೊಂಡೆ. ಅವರು ನಡಿಗೆ ನಿಲ್ಲಿಸಲಿಲ್ಲ. "ನಾ ಖರೇ ಹೇಳಿದ್ರ ನಿಮ್ಮ ನೌಕರಿ ಹೋಗ್ತದ, ಜೇಲ್ ಆಗ್ತದ. ಅಕ್ಕಾರಿಗೆ ನಿಮ್ಮ ಬಿಟ್ರ ಯಾರ ಅದಾರ? ಇರ್ಲಿ ಬಿಡ್ರಿ. ನೀವಾ ಹೇಳ್ರಿ ಅವ್ರಿಗೆ. ಇವತ್ತಲ್ಲದಿದ್ರ ನಾಳೆ." ಹೇಳುತ್ತೇನೆ ಎಂದು ಜನಿವಾರ ಹಿಡಿದು ಆಣೆ ಇಟ್ಟೆ.

ನಾಳೆ ಎಂಬುದು ಬರಲಿಲ್ಲ, ಅಥವಾ ಬಂದದ್ದನ್ನೆಲ್ಲ ನಾನೇ ಮುಂದೆ ದೂಡಿದೆ. ಹುಸೇನಸಾಬ್ ಹಳೇ ಮಾಲು ಕೊಟ್ಟು ರೊಕ್ಕ ತಿಂದ ಎಂದು ಅವ್ವ ಬಂದವರ ಮುಂದೆಲ್ಲ ಹೇಳಿದಳು. ಸೇಡಂನಿಂದ ಚಿತ್ತಾಪುರದವರೆಗೆ ಸುದ್ದಿ ಹೋಯಿತು. ಪೇಟಿ ಇದ್ದ ಮನೆಗಳವರು ಹುಸೇನಸಾಬರನ್ನು ಕರೆಯುವುದು ಬಿಟ್ಟರು. ಅಷ್ಟರಲ್ಲಿ ಯುದ್ಧ ಹತ್ತಿ ರೀಡು ಬರುವುದೂ ನಿಂತಿತು. ಒಮ್ಮೆ ಶಹಾಬಾದಿಗೆ ಹೋದಾಗ ಅವರನ್ನು ಕಂಡೆ. ಫರಸಿಕಲ್ಲಿನ ಖಣಿಯಲ್ಲಿ ಸುತ್ತಿಗೆ ಹಿಡಿದಿದ್ದರು. ಬೆರಳುಗಳಿಗೆ ಅರಿವೆ ಸುತ್ತಿತ್ತು. "ಹೇಳಿದ್ರೇನ್ರಿ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಅವರು ಮತ್ತೆ ಕಲ್ಲಿಗೆ ಬಗ್ಗಿದರು. ನಿಜಾಮರ ರಾಜ್ಯ ಹೋದ ನಲವತ್ತೆಂಟರ ಗದ್ದಲದಲ್ಲಿ ಅವರಿದ್ದ ಓಣಿಯೇ ಖಾಲಿಯಾಯಿತು. ಆಮೇಲೆ ಎರಡು ಸಲ ಹುಡುಕಿಕೊಂಡು ಹೋದೆ. ಎಲ್ಲಿಗೆ ಹೋದರು, ಉಳಿದರೋ ಇಲ್ಲವೋ, ಯಾರೂ ಹೇಳಲಿಲ್ಲ.

ಅಕ್ಕ ಹಾಡುವುದು ಬಿಟ್ಟಳು. ಪೇಟಿ ಅಟ್ಟಕ್ಕೆ ಹೋಯಿತು. ಆರತಿಯ ಹೊತ್ತಿಗೆ ಉಳಿದ ಹೆಂಗಸರು ಹಾಡಿದರೆ ಈಕೆಯ ತುಟಿ ಮಾತ್ರ ಅಲುಗಾಡುತ್ತಿತ್ತು. ಬೆಳಗಿನ ಆ ಒಂದು ತಾಸನ್ನೂ ಅಡುಗೆಮನೆಗೇ ಕೊಟ್ಟಳು. ನಾನು ಬಡ್ತಿ ಪಡೆದೆ, ಮದುವೆಯಾದೆ, ನಿವೃತ್ತನಾದೆ.

ಆ ಕೀಬೋರ್ಡಿನ ದಿನ ಸಂಜೆ ಅಕ್ಕನ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಮಜ್ಜಿಗೆ, ಉಪ್ಪು, ಅಮೀನರ ಸಹಿ, ಸ್ಟೇಷನ್ನಿನ ದಾರಿ, ಖಣಿ. ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ಅವತ್ತ ನಾ ಅವರಿಗೆ ಏನೇನು ಅಂದಿದ್ದೆ, ನೆನಪದ ಏನು ನಿನಗ?"

"ಅದ."

"ಹೇಳು."

"ಬ್ಯಾಡ ಅಕ್ಕಾ."

"ಹೇಳಂದ್ರ ಹೇಳು."

ಹೇಳಿದೆ, ಒಂದೂ ಬಿಡದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಹುಸೇನಸಾಬ್ರು ಈಗ ಎಲ್ಲಿದ್ದಾರೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಪೇಟಿ ಹೋತು, ಹೋಗಲಿ. ಕೈ ಸೇದಿಹೋಗಲಿ ಅಂತ ದಿನಾ ದೇವರ ಮುಂದ ಕುಂತು ಅಂದೀನಲ್ಲೋ ತಮ್ಮಾ, ಇಷ್ಟು ವರ್ಷ" ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ನನ್ನ ಕೂಡ ಮಾತಿಲ್ಲ.

ಅಕ್ಕ ಇನ್ನೊಬ್ಬರ ಕೈಯ ನೀರು ಕುಡಿಯುವವಳಲ್ಲ. ಆಕೆಯ ಮೊಣಕಾಲು ಕೆಟ್ಟ ದಿನದಿಂದ ನಾನೇ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಧೋತರದಲ್ಲಿ ಬಾವಿಯಿಂದ ಒಂದು ಕೊಡ ಸೇದಿ ಕೋಣೆಯಲ್ಲಿ ಇಡುತ್ತಿದ್ದೆ. ಈ ವಾರ ಇಟ್ಟ ಕೊಡ ಇಟ್ಟಂತೆಯೇ ಇರುತ್ತದೆ. ಇವತ್ತು ಬೆಳಿಗ್ಗೆ ರಾಟೆಯ ಸಪ್ಪಳ ಕೇಳಿ ಹಿತ್ತಲಿಗೆ ಹೋದೆ. ಎಪ್ಪತ್ತಮೂರರ ಅಕ್ಕ ಬಾವಿಯ ಕಟ್ಟೆಗೆ ಎದೆ ಆನಿಸಿ, ನಡುಗುತ್ತ ಹಗ್ಗ ಎಳೆಯುತ್ತಿದ್ದಳು. ಹೋಗಿ ಹಗ್ಗಕ್ಕೆ ಕೈ ಹಾಕಿದೆ.

"ಬಿಡು" ಎಂದಳು.

ಬಿಟ್ಟೆ.