ಪಕ್ಕದಲ್ಲೊಂದು ಉಸಿರು

ನಾಯಂಡಹಳ್ಳಿಯಲ್ಲಿ ನನ್ನ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು. ಮೊದಲ ದಿನವೇ ಅದನ್ನು ಹೇಳಿಬಿಟ್ಟಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಬೋಲ್ಟು ಬಿಚ್ಚಿಕೊಳ್ಳದಿದ್ದರೆ ಸ್ಪ್ಯಾನರ್ ಕೆಳಗಿಟ್ಟು, ಕಣ್ಣು ಮುಚ್ಚಿ, "ಉಸಿರು ಬರ್ತಾ ಇದೆ, ಹೋಗ್ತಾ ಇದೆ" ಎಂದು ಮೆಲ್ಲಗೆ ಹೇಳಿಕೊಂಡು ಮತ್ತೆ ಕೈ ಹಾಕುತ್ತಿದ್ದ. ಜೈಲಿಗೆ ಒಬ್ಬ ಮೇಷ್ಟ್ರು ಬಂದು ಧ್ಯಾನ ಕಲಿಸಿದ್ದರಂತೆ.

ಒಂದು ಬೆಳಿಗ್ಗೆ ಕೆಲಸ ಮುಗಿಸಿದವನು ಕೀ ಕೈಯಲ್ಲೇ ಹಿಡಿದು ನಿಂತ.

"ಸಾರ್, ತಪ್ಪು ತಿಳ್ಕೋಬೇಡಿ. ಒಂದ್ಹತ್ತು ನಿಮಿಷ ನನ್ ಪಕ್ಕ ಕೂತ್ಕೋತೀರಾ?"

"ಯಾಕಪ್ಪಾ, ಹುಷಾರಿಲ್ವಾ?"

"ಒಳಗೆ ಮೂವತ್ತು ಜನ ಒಟ್ಟಿಗೆ ಧ್ಯಾನಕ್ಕೆ ಕೂರ್ತಿದ್ವಿ ಸಾರ್. ಒಬ್ಬ ಕೆಮ್ತಿದ್ದ, ಒಬ್ಬ ಅಳ್ತಿದ್ದ. ಆಚೆ ಬಂದು ಎರಡು ವರ್ಷ ಆಯ್ತು. ರೂಮಲ್ಲಿ ಕಣ್ಣು ಮುಚ್ಚಿದ್ರೆ ನನ್ನುಸಿರು ಒಂದೇ ಕೇಳ್ಸುತ್ತೆ. ಭಯ ಆಗುತ್ತೆ."

ಆಫೀಸಿಗೆ ತಡವಾಗಿತ್ತು. ಆದರೂ ಹಳೆಯ ಟಯರುಗಳ ಮೇಲೆ ಅವನ ಪಕ್ಕ ಕೂತು ಕಣ್ಣು ಮುಚ್ಚಿದೆ. ಲಾರಿಗಳ ಸದ್ದಿನ ನಡುವೆ ಅವನ ಉಸಿರು ಮೊದಲು ತಡವರಿಸಿತು, ಆಮೇಲೆ ನಿಧಾನವಾಯಿತು. ಹತ್ತು ನಿಮಿಷ ಕಳೆದಿರಬೇಕು ಎನಿಸಿ ಕಣ್ಣು ಬಿಟ್ಟೆ. ಅವನ ಗ್ರೀಸು ಮೆತ್ತಿದ ಕೆನ್ನೆ ಒದ್ದೆಯಾಗಿತ್ತು. ಮುಖ ನಿದ್ದೆ ಹತ್ತಿದ ಮಗುವಿನಂತಿತ್ತು. ಏಳಲು ಮನಸ್ಸಾಗಲಿಲ್ಲ. ಮತ್ತೆ ಕಣ್ಣು ಮುಚ್ಚಿದೆ.