ಅಪ್ಪನಿಗೆ ಆಗಿದ್ದು ಕಾಮಾಲೆ ಅಲ್ಲ

ಗಿರಿಜಾ, ನಮ್ಮಪ್ಪ ಕಾಮಾಲೆಯಿಂದ ಸಾಯಲಿಲ್ಲ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟು ಸತ್ತ. ಅವನ ಅಣ್ಣನೂ ಹಾಗೆಯೇ ಹೋದ. ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ.

ಆಗ ನಿನಗೆ ಏಳು ವರ್ಷ, ಬಾಗಲವಾಡದಲ್ಲಿ ಅಜ್ಜಿಯ ಹತ್ತಿರ ಇದ್ದೆ. ಅಪ್ಪನನ್ನು ಡಯಾಲಿಸಿಸ್‌ಗೆ ರಾಯಚೂರಿಗೆ ಕರೆದೊಯ್ಯುತ್ತಿದ್ದವಳು ನಾನು. ಮಣ್ಣಾದ ದಿನವೇ ಅವ್ವ ನನ್ನನ್ನು ಒಳಗೆ ಕರೆದಳು: "ಯಾರರ ಕೇಳಿದ್ರ ಕಾಮಣಿ ಆಗಿತ್ತು ಅನ್ನು. ಮನೆತನದ ಬ್ಯಾನಿ ಅಂದ್ರ ನಿಮ್ಮನ್ನ ಯಾರು ಮಾಡ್ಕೋತಾರ ಬೇ?" ಮಾನ್ವಿಗೆ ನನ್ನ ಮದುವೆ, ದೇವದುರ್ಗಕ್ಕೆ ನಿನ್ನದು — ಎರಡೂ ಆ ಸುಳ್ಳಿನ ಮೇಲೆಯೇ ಆದವು. ಅಲ್ಲಿಯವರೆಗಿನದು ಅವ್ವನದು ಅನ್ನಬಹುದು. ಮುಂದಿನದು ನನ್ನದೇ.

ನಿನಗೆ ಸಕ್ಕರೆ ಬಂದ ವರ್ಷ ರಾಯಚೂರಿನ ಡಾಕ್ಟರರ ಹತ್ತಿರ ಹೋದೆವಲ್ಲ — ನೀನು, ನಿನ್ನ ಅತ್ತೆ, ನಾನು. "ನಿಮ್ಮ ಮನ್ಯಾಗ ಯಾರಿಗರ ಸಕ್ಕರಿಯಿಂದ ಕಿಡ್ನಿ ಕೆಟ್ಟಿತ್ತೇನ್ರಿ?" ಅಂತ ಅವರು ಕೇಳಿದರು. ನೀನು ನನ್ನ ಮುಖ ನೋಡಿದೆ. ನನ್ನ ಮಗಳನ್ನು ನಿನ್ನ ಮೈದುನನಿಗೆ ಕೊಡುವ ಮಾತು ನಡೆದಿತ್ತು, ನಿನ್ನ ಅತ್ತೆ ಪಕ್ಕದಲ್ಲೇ ಕೂತಿದ್ದರು...

"ಇಲ್ರಿ, ಯಾರಿಗೂ ಇಲ್ಲ," ಅಂದೆ.

ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ ಅಂದದ್ದನ್ನು ನೀನು ಮರೆತೆ. ನಾನು ಮರೆತಿರಲಿಲ್ಲ, ಆದರೆ ನೆನಪಿಸಲೂ ಇಲ್ಲ. ನೆನಪಿಸಿದರೆ ಯಾಕೆ ಅಂತ ಕೇಳುತ್ತಿದ್ದೆಯಲ್ಲ!

ನಿನ್ನ ಕಾಲು ಬಾತುಕೊಳ್ಳುವ ಹೊತ್ತಿಗೆ ತಡವಾಗಿತ್ತು. ಸಕ್ಕರೆ ಇದ್ದವರಿಗೆಲ್ಲ ಹೀಗಾಗುವುದಿಲ್ಲ, ಕೆಲವು ಮನೆತನಗಳಲ್ಲಿ ಅದು ರಕ್ತದಲ್ಲೇ ಇಳಿದು ಬರುತ್ತದೆ, ಮೊದಲೇ ಗೊತ್ತಿದ್ದರೆ ಕಣ್ಣಿಟ್ಟು ಕಾಯಬಹುದಿತ್ತು ಅಂದರು ಡಾಕ್ಟರರು. ಕಾಯ್ದಿದ್ದರೆ ನಿನ್ನ ಕಿಡ್ನಿ ಉಳಿಯುತ್ತಿತ್ತೋ ಇಲ್ಲವೋ — ಅದನ್ನು ಕೇಳುವ ಮುಖ ನನಗಿಲ್ಲ. ನನ್ನದೊಂದು ಕಿಡ್ನಿ ಕೊಡೋಣವೆಂದರೆ ಈಗ ನನಗೂ ಸಕ್ಕರೆ.

ಹೋದ ವಾರ ಡಯಾಲಿಸಿಸ್ ಮುಗಿಸಿ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಅಂದೆ: "ನಮ್ಮ ಮನ್ಯಾಗ ಯಾರಿಗೂ ಇಲ್ಲದ್ದು ನನಗ ಬಂತು ನೋಡಕ್ಕಾ. ನಾ ಬಾಯಿ ಕಟ್ಟಲಿಲ್ಲ, ಅದಕ್ಕ." ಆಗಲೂ ನಿನ್ನ ಸೆರಗು ಸರಿಮಾಡಿದೆನೇ ಹೊರತು ನಿಜ ಹೇಳಲಿಲ್ಲ.

ನಾಳೆ ದೇವದುರ್ಗಕ್ಕೆ ಬರುತ್ತೇನೆ. ಇದನ್ನೆಲ್ಲ ನಿನ್ನ ಅತ್ತೆಯ ಎದುರಿಗೇ ಹೇಳುತ್ತೇನೆ, ಆ ಮನೆಯ ಸೊಸೆಯಾದ ನನ್ನ ಮಗಳೂ ಕೇಳಲಿ. ಒಳಗೆ ಬರಬೇಡ ಅಂದರೆ ಹೊಸ್ತಿಲ ಹೊರಗೆ ನಿಂತು ಹೇಳುತ್ತೇನೆ.

ನೀನು ಬಾಯಿ ಕಟ್ಟಿದ್ದೆ, ಗಿರಿಜಾ. ನನ್ನ ಮಗಳ ಮದುವೆಯಲ್ಲಿ ಹೋಳಿಗೆ ಪಕ್ಕಕ್ಕೆ ಸರಿಸಿ ಬರೀ ರೊಟ್ಟಿ ಉಂಡದ್ದನ್ನು ನಾನೇ ನೋಡಿದ್ದೇನೆ.

ನಿನ್ನ ಮಗನಿಗೆ ಪರೀಕ್ಷೆ ಮಾಡಿಸು. ಡಾಕ್ಟರರು ಕೇಳಿದರೆ ಅವನಾದರೂ ಹೇಳಲಿ — "ನಮ್ಮಜ್ಜಗ ಇತ್ರಿ, ನಮ್ಮವ್ವಗೂ ಅದ."